ಇಂಗ್ಲಿಷ್ ಪಹಣಿ

ಆ ಸೋಮವಾರ ಸ್ಟಾಫ್ ರೂಮಿನಲ್ಲಿ ಅಶ್ವತ್ಥ್‌ನ ಬಾಯಲ್ಲಿ ಇನ್ನೊಂದು ಬೋಂಡಾ ಇದ್ದಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು. ತಟ್ಟೆಯಲ್ಲಿದ್ದ ಬೋಂಡಾ ಮುಗಿದುಹೋಗಿತ್ತು, ಬಾಯಿ ಖಾಲಿಯಿತ್ತು, ಖಾಲಿ ಬಾಯಿಂದ ಮಾತು ಹೊರಗೆ ಬಿತ್ತು.

ಸಂಜಯನಗರದ ಆ ಖಾಸಗಿ ಕಾಲೇಜಿನ ಪ್ರಿನ್ಸಿಪಾಲ್ ಶಶಿರೇಖಾ ಮೇಡಂ ಪೇಪರು ಮಡಿಚುತ್ತ, "ಈ ಎಫ್‌ಡಿಐ ಎಫ್‌ಡಿಐ ಅಂತಾರಲ್ಲ, ವಿದೇಶಿ ಬಂಡವಾಳ, ಅದರ ಅಂಕಿ ಅಂಶ ಎಲ್ಲಾ ಎಲ್ಲಿ ಸಿಗುತ್ರೀ?" ಎಂದು ಯಾರನ್ನೂ ನೋಡದೆ ಕೇಳಿದರು.

"ಎಲ್ಲಾ ಆನ್‌ಲೈನಲ್ಲೇ ಇದೆ ಮೇಡಂ," ಎಂದ ಕಾಮರ್ಸ್ ವಿಭಾಗದ ತಾತ್ಕಾಲಿಕ ಉಪನ್ಯಾಸಕ ಅಶ್ವತ್ಥ್. "ಯಾವ ದೇಶದಿಂದ ಎಷ್ಟು ಬಂತು, ಯಾವ ಉದ್ಯಮಕ್ಕೆ ಎಷ್ಟು ಹೋಯ್ತು, ಎಲ್ಲಾ. ಎಲ್ಲಿ ಹುಡುಕ್ಬೇಕು ಅಂತ ಗೊತ್ತಿರ್ಬೇಕು ಅಷ್ಟೆ."

"ನಿಮಗೆ ಗೊತ್ತಾ?"

ಇಲ್ಲ ಎನ್ನಲು ಇನ್ನೂ ಅವಕಾಶವಿತ್ತು. "ಅಯ್ಯೋ, ಅದೇನ್ ಮಹಾ ಮೇಡಂ," ಎಂದುಬಿಟ್ಟ.

"ಒಳ್ಳೇದಾಯ್ತು ಬಿಡಿ. ಗುರುವಾರ ಮೂರು ಗಂಟೆಗೆ ನಮ್ಮ ಟ್ರಸ್ಟಿನ ಅಧ್ಯಕ್ಷರು ಬರ್ತಾರೆ. ಅದರ ಬಗ್ಗೆ ನೀವೇ ಮಾತಾಡಿ. ಆನ್‌ಲೈನ್ ಅಂದ್ರೆ ಅವರಿಗೆ ತುಂಬಾ ಗೌರವ. ಕಾಮರ್ಸಿನ ಪರ್ಮನೆಂಟ್ ಪೋಸ್ಟ್ ವಿಷಯಾನೂ ಅವತ್ತೇ ತೀರ್ಮಾನ ಮಾಡ್ತೀನಿ ಅಂದಿದಾರೆ."

ಪರ್ಮನೆಂಟ್ ಎಂಬ ಶಬ್ದ ಕೇಳಿದರೆ ಅಶ್ವತ್ಥ್‌ಗೆ ಕಣ್ಣು ಮಂಜಾಗುತ್ತಿತ್ತು. ಏಳು ವರ್ಷದಿಂದ ಅವನ ಕೆಲಸ ಪ್ರತಿ ಏಪ್ರಿಲ್‌ನಲ್ಲಿ ಹೋಗುತ್ತಿತ್ತು, ಪ್ರತಿ ಜೂನಿನಲ್ಲಿ ವಾಪಸ್ಸು ಬರುತ್ತಿತ್ತು. ನಡುವಿನ ಮೇ ತಿಂಗಳನ್ನು ಹೆಂಡತಿ ರಮ್ಯಳ ತವರಿನಲ್ಲಿ, ಮಾವನ ಮುಖ ನೋಡದಂತೆ ಮಾವಿನಹಣ್ಣು ತಿನ್ನುತ್ತ ಕಳೆಯಬೇಕಾಗಿತ್ತು. ಮಾವ ಏನೂ ಅನ್ನುತ್ತಿರಲಿಲ್ಲ. ಅಳಿಯ ತಿಂದಿಟ್ಟ ವಾಟೆಗಳನ್ನು ಮಾತ್ರ ಒಮ್ಮೆ ದಿಟ್ಟಿಸಿ ನೋಡಿ ಎದ್ದುಹೋಗುತ್ತಿದ್ದರು.

ಗುರುವಾರ ಬೆಳಿಗ್ಗೆ ಯಲಹಂಕ ಹಳೇ ಟೌನಿನ ಮುಕ್ತಾರ್‌ನ ಸೈಬರ್ ಸೆಂಟರ್ ಬಾಗಿಲು ತೆಗೆಯುವ ಮೊದಲೇ ಅಶ್ವತ್ಥ್ ಮೆಟ್ಟಿಲ ಮೇಲೆ ಕೂತಿದ್ದ. ಅದು ಎರಡು ಸಾವಿರದ ಹದಿನಾಲ್ಕರ ಜನವರಿ. ಅವನ ಮನೆಯಲ್ಲಿ ಇಂಟರ್‌ನೆಟ್ ಇರಲಿಲ್ಲ, ಕಾಲೇಜಿನ ಲ್ಯಾಬಿನ ಬೀಗದ ಕೈ ತಾತ್ಕಾಲಿಕದವರ ಕೈಗೆ ಕೊಡುತ್ತಿರಲಿಲ್ಲ.

ಹುಡುಕಾಟ ಅವನು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಕೇಂದ್ರದ ಕೈಗಾರಿಕಾ ಇಲಾಖೆಯ ಸೈಟು ಒಂದು ಅಂಕಿ ಹೇಳಿತು. ಅದೇ ವರ್ಷಕ್ಕೆ ರಿಸರ್ವ್ ಬ್ಯಾಂಕು ಇನ್ನೊಂದು ಹೇಳಿತು. ವಿಶ್ವಬ್ಯಾಂಕು ಮತ್ತೊಂದು, ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಕಚೇರಿ ಮಗದೊಂದು. ಮದುವೆಗೆ ಎಷ್ಟು ಜನ ಬಂದಿದ್ದರು ಎಂದು ಹೆಣ್ಣಿನ ಕಡೆಯವರನ್ನೂ ಗಂಡಿನ ಕಡೆಯವರನ್ನೂ ಅಡುಗೆಯವರನ್ನೂ ಬೇರೆ ಬೇರೆಯಾಗಿ ಕೇಳಿದ ಹಾಗಾಯಿತು. ಕೊನೆಗೆ ಯಾವ ಸೈಟು ಏನನ್ನು ಸೇರಿಸಿ ಎಣಿಸುತ್ತದೆ, ಏನನ್ನು ಬಿಡುತ್ತದೆ ಎಂಬುದು ತಲೆಗೆ ಹೋದಾಗ ಅವನಿಗೆ ನಿಜವಾಗಿಯೂ ಖುಷಿಯಾಯಿತು. ಪಾಠ ಮಾಡುವವನಿಗೆ ಪಾಠ ಅರ್ಥವಾದಾಗ ಆಗುವ ಖುಷಿ ಅದು; ಅವನಿಗೆ ಅದು ಹೊಸದು.

ಕೈಗಾರಿಕಾ ಇಲಾಖೆಯ ಪಟ್ಟಿಯಲ್ಲಿ ಉದ್ಯಮವಾರು ವಿವರ ಇದ್ದ ಒಂದೇ ಹಾಳೆಯನ್ನು ಪ್ರಿಂಟ್ ತೆಗೆಸಿದ. ಮೊದಲ ಕಾಲಮಿನಲ್ಲಿ ಕ್ರಮಸಂಖ್ಯೆ, ಎರಡನೆಯದರಲ್ಲಿ ಉದ್ಯಮದ ಹೆಸರು, ಮೂರನೆಯದರಲ್ಲಿ ಕೋಟಿಗಳು. ಹಾಳೆಯ ತಲೆಬರಹ ಮಾತ್ರ ಮುಕ್ತಾರ್‌ನ ಪ್ರಿಂಟರಿನ ಹೊಟ್ಟೆಯಲ್ಲೇ ಉಳಿಯಿತು. ಅಶ್ವತ್ಥ್ ಹಾಳೆಯ ಬೆನ್ನಿಗೆ ಎಲ್ಲ ಸೈಟುಗಳ ಉದ್ದುದ್ದ ವಿಳಾಸಗಳನ್ನು, ಓರೆಗೆರೆ ಅಡ್ಡಗೆರೆ ಬಿಡದಂತೆ, ಪೆನ್ನಿನಲ್ಲಿ ಬರೆದುಕೊಂಡ. ಭಾಷಣದ ಜೀವವೆಲ್ಲ ಆ ಬೆನ್ನಿನಲ್ಲೇ ಇತ್ತು. ಹಾಳೆಯನ್ನು ಕೌಂಟರಿನ ಮೇಲಿಟ್ಟು ಚಿಲ್ಲರೆ ಹುಡುಕತೊಡಗಿದ.

ಪಕ್ಕದಲ್ಲಿ ಹುಣಸಮಾರನಹಳ್ಳಿಯ ಬ್ಯಾಟರಾಯಪ್ಪ ನಿಂತಿದ್ದ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಅವಸರ. ಅವತ್ತು ಅವನ ಹೊಲ ಮಾರಾಟದ ರಿಜಿಸ್ಟ್ರೇಷನ್ ಇತ್ತು. ಹೊಲ ಯಾರದು, ವಿಸ್ತೀರ್ಣ ಎಷ್ಟು, ಬೆಳೆ ಏನು ಎಂದು ಹೇಳುವ ಪಹಣಿಯನ್ನು ಪ್ರಿಂಟ್ ತೆಗೆಸಲು ಬಂದಿದ್ದ.

"ಬೇಗ ಕೊಡಪ್ಪ ಮುಕ್ತಾರಣ್ಣ, ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಓಗ್ಬೇಕು."

"ಬಂತು ಯಜಮಾನ್ರೇ, ಬಂತು," ಎಂದು ಮುಕ್ತಾರ್ ಪಹಣಿಯನ್ನು ಪ್ರಿಂಟರಿನಿಂದ ಎಳೆದು ಕೌಂಟರಿಗೆ ಹಾಕಿದ. ಅದೇ ಕ್ಷಣಕ್ಕೆ ಕರೆಂಟು ಹೋಯಿತು. ಕತ್ತಲಾದ ಗೂಡಂಗಡಿಯಲ್ಲಿ ಯುಪಿಎಸ್‌ಗಳು ಕೀ ಕೀ ಎಂದು ಅಳತೊಡಗಿದವು. ಮುಕ್ತಾರ್ ಗಾಬರಿಯಲ್ಲಿ ಒಂದು ಕೈಯಿಂದ ಸ್ವಿಚ್ಚು ಆರಿಸುತ್ತ, ಇನ್ನೊಂದು ಕೈಯಿಂದ ಹಾಳೆಗಳನ್ನು ಮಡಿಚಿ ಒಬ್ಬೊಬ್ಬರಿಗೂ ಕೊಟ್ಟು ಕಳಿಸಿದ.

ಅಶ್ವತ್ಥ್ ಸ್ಕೂಟರಿನ ಹತ್ತಿರ ಬಂದು, ಇನ್ನೊಮ್ಮೆ ವಿಳಾಸಗಳನ್ನು ಕಣ್ತುಂಬ ನೋಡೋಣವೆಂದು ಹಾಳೆ ಬಿಡಿಸಿದ. ಸರ್ವೆ ನಂಬರ್ ಇಪ್ಪತ್ನಾಲ್ಕು, ಹುಣಸಮಾರನಹಳ್ಳಿ. ಖಾತೆದಾರರು ಬ್ಯಾಟರಾಯಪ್ಪ. ಬೆಳೆ ರಾಗಿ.

ಓಡಿ ವಾಪಸ್ಸು ಹೋದ. ಬ್ಯಾಟರಾಯಪ್ಪ ಆಟೋ ಹತ್ತಿ ಹೋಗಿಯಾಗಿತ್ತು.

"ಅರೆ, ಅದಲುಬದಲಾಯ್ತಾ ಸಾರ್?" ಎಂದ ಮುಕ್ತಾರ್. "ಇನ್ನೊಂದು ಪ್ರಿಂಟ್ ಕೊಡ್ತಿದ್ದೆ, ಆದ್ರೆ ಲೈನ್ ಕೆಲ್ಸ ನಡೀತಿದೆಯಂತೆ, ಕರೆಂಟ್ ಸಂಜೇಗೇ. ಟೆನ್ಷನ್ ತಗೋಬೇಡಿ ಸಾರ್. ಅವರು ಪಾಪ ಒಳ್ಳೆ ಮನುಷ್ಯ. ನಿಮ್ಮ ಹಾಳೆ ಇಟ್ಕೊಂಡು ಅವರೇನ್ ಮಾಡ್ತಾರೆ?"

ಬ್ಯಾಟರಾಯಪ್ಪ ಏನು ಮಾಡಿದ ಎಂಬುದು ಅಶ್ವತ್ಥ್‌ಗೆ ತಿಳಿದದ್ದು ಅವನು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಸಿಗದೆ, ಹುಣಸಮಾರನಹಳ್ಳಿಗೇ ಹೋದಾಗ.

ಬ್ಯಾಟರಾಯಪ್ಪ ನೇರ ಆಫೀಸಿಗೆ ಹೋಗಿರಲಿಲ್ಲ. ಶುಭಕಾರ್ಯವೆಂದು ಮೊದಲು ಮನೆಗೆ ಹೋಗಿ, ಹಾಳೆಯನ್ನು ದೇವರ ಮುಂದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಕೈಮುಗಿದಿದ್ದ. ಇಂಗ್ಲಿಷ್ ಅಕ್ಷರ ಕಂಡಿದ್ದು ಆಮೇಲೆ. ಅನುಮಾನ ಬಂದು ಹಾಲಿನ ಡೈರಿಯ ಕಟ್ಟೆಗೆ ಹೋಗಿ ವಾಸುವಿಗೆ ತೋರಿಸಿದ. ವಾಸು ಆ ಊರಿನ ಜಮೀನು ಬ್ರೋಕರು. ಬಿಳಿ ಶರ್ಟು, ತಲೆಯ ಮೇಲೆ ಕಪ್ಪು ಕನ್ನಡಕ, ಎರಡು ಫೋನು. ಪಹಣಿ ಓದುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಊರೇ ಒಪ್ಪಿತ್ತು, ಮೊದಲು ಅವನೇ ಒಪ್ಪಿದ್ದ. ಪಹಣಿಯಲ್ಲಿ ಮೊದಲ ಕಾಲಮು ಯಾವುದು? ಸರ್ವೆ ನಂಬರು. ಮುಂದಿನದು? ಆ ಹೊಲದಲ್ಲಿ ಇರುವುದು.

"ಮಾವ, ಇದು ಮಾಮೂಲಿ ಪಹಣಿ ಅಲ್ಲ," ಎಂದು ವಾಸು ದನಿ ತಗ್ಗಿಸಿ ಹೇಳಿದ್ದ. "ಇದು ಇಂಗ್ಲಿಷ್ ಪಹಣಿ. ನಮ್ಗೆ ಕನ್ನಡದಲ್ಲಿ ಕೊಡೋದು ಈಗ ಏನೈತೆ ಅಂತ. ಮುಂದೆ ಏನ್ ಬತ್ತದೆ ಅಂತ ಇಂಗ್ಲಿಷಲ್ಲಿ ಬರ್ದು ಅವ್ರೇ ಇಟ್ಕೊಂಡಿರ್ತಾರೆ. ನೋಡು, ಇಪ್ಪತ್ನಾಲ್ಕು. ಓಟ್ಲು, ಟೂರಿಸಂ. ಮುಂದ್ಗಡೆ ಕೋಟಿ ನೋಡು. ತಪ್ಪಿ ನಿನ್ನ ಕೈಗೆ ಬಂದ್ಬಿಟ್ಟೈತೆ."

ಆ ಊರಿನಲ್ಲಿ ಇದನ್ನು ಯಾರೂ ಅನುಮಾನಿಸಲಿಲ್ಲ. ವಿಮಾನ ನಿಲ್ದಾಣ ಬರುವ ಸುದ್ದಿ ತಮಗಿಂತ ಮುಂಚೆ ಇನ್ಯಾರಿಗೋ ಗೊತ್ತಿತ್ತು ಎಂಬ ಸಂಕಟ ಅಲ್ಲಿ ಮನೆಮನೆಯಲ್ಲೂ ಇತ್ತು. ಸಿಟ್ಟು ಬಂದಾಗಲೆಲ್ಲ ಅದೇ ಮೊದಲು ನೆನಪಾಗುತ್ತಿತ್ತು.

ಅಶ್ವತ್ಥ್ ಸ್ಕೂಟರ್ ನಿಲ್ಲಿಸಿದಾಗ ಡೈರಿಯ ಮುಂದೆ ಜಾತ್ರೆಯಂಥ ಜನ ಸೇರಿದ್ದರು. ವಾಸು ಜೆರಾಕ್ಸ್ ಮಾಡಿಸಿ ಹಂಚಿದ್ದ. ಅವರೆಕಾಯಿ ತೂಗುತ್ತಿದ್ದ ತಕ್ಕಡಿಯೂ ಅರ್ಧಕ್ಕೇ ನಿಂತಿತ್ತು. ಎಲ್ಲರ ಕೈಯಲ್ಲೂ ಒಂದೊಂದು ಹಾಳೆ, ಎಲ್ಲರ ಬೆರಳೂ ಮೊದಲನೆಯ ಕಾಲಮಿನ ಮೇಲೆ.

"ನಮ್ದು ಹದಿನೇಳು, ಏನೈತೆ ನೋಡೋ!"

"ಹದಿನೇಳು... ಸಿಮೆಂಟು."

"ಸಿಮೆಂಟಾ! ದೂಳಾಗಲ್ವೇನೋ?"

"ಸಾ, ನಮ್ದು ನೂರಾ ಅನ್ನೆರ್ಡು. ಪಟ್ಟಿ ಅರವತ್ತಕ್ಕೇ ನಿಂತೋಗೈತೆ. ಕೆರೆ ಆಚೆ ಕಡೆಯೋರು ಮನುಷ್ಯರಲ್ವಾ?"

ಅಶ್ವತ್ಥ್ ಜನರನ್ನು ಸರಿಸಿಕೊಂಡು ಬ್ಯಾಟರಾಯಪ್ಪನ ಎದುರು ನಿಂತು, "ಯಜಮಾನ್ರೇ, ಇದು ನಿಮ್ಮ ಪಹಣಿ. ನಿಮ್ಮ ಹತ್ರ ಇರೋದು ನಂದು. ದಯವಿಟ್ಟು ಕೊಟ್ಬಿಡಿ, ನಂಗೆ ಮೂರು ಗಂಟೆಗೆ ಕಾಲೇಜಲ್ಲಿ ಭಾಷಣ ಇದೆ," ಎಂದ.

ಕಟ್ಟೆಯ ಮೇಲಿದ್ದವರೆಲ್ಲ ಹಾಳೆಯಿಂದ ತಲೆ ಎತ್ತಿದರು. ಬ್ಯಾಟರಾಯಪ್ಪನ ಕೈ ಬನಿಯನ್ನಿನ ಒಳಜೇಬನ್ನು ಗಟ್ಟಿಯಾಗಿ ಅಮುಕಿತು.

"ನಿಮ್ದಾ?" ಎಂದ ವಾಸು, ಕನ್ನಡಕವನ್ನು ತಲೆಯಿಂದ ಮೂಗಿಗೆ ಇಳಿಸುತ್ತ. "ಅಂದ್ರೆ ಇದನ್ನ ತಯಾರ್ ಮಾಡಿದ್ದು ನೀವಾ ಸಾ?"

"ತಯಾರ್ ಮಾಡಿದ್ದಲ್ಲ ರೀ, ಹುಡುಕಿ ತೆಗ್ದಿದ್ದು. ದೆಹಲಿಯೋರು ಮೂರು ತಿಂಗಳಿಗೊಂದ್ಸಲ ಹಾಕ್ತಾರೆ."

"ದೆಹಲಿ!" ಎಂಬ ಉದ್ಗಾರ ಕಟ್ಟೆಯ ಈ ತುದಿಯಿಂದ ಆ ತುದಿಗೆ ಹರಿಯಿತು. ಯಾರೋ ಕುರ್ಚಿ ತಂದರು. ಇನ್ಯಾರೋ ಸೋಡಾ ಒಡೆದರು. ಅಶ್ವತ್ಥ್ ಬೇಡ ಬೇಡ ಎನ್ನುತ್ತಲೇ ಕೂತ. ಬೇಡ ಎನ್ನುತ್ತಲೇ ಕುಡಿದ. ಇಷ್ಟು ಮರ್ಯಾದೆ ಅವನಿಗೆ ಸ್ವಂತ ಮದುವೆಯಲ್ಲೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಮುನಿಕೆಂಪಮ್ಮ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಚೀಲ ಅವರೆಕಾಯಿ ಹೊತ್ತುಕೊಂಡು, ಜನರ ನಡುವೆ ನೇರ ದಾರಿ ಮಾಡಿಕೊಂಡು ಬಂದಳು. ಬ್ಯಾಟರಾಯಪ್ಪನ ಹೊಲಕ್ಕೂ ಅವಳ ಹೊಲಕ್ಕೂ ಒಂದೇ ಬದು; ಆ ಬದುವಿನ ವಿಷಯಕ್ಕೆ ಇಬ್ಬರಿಗೂ ಮಾತಿಲ್ಲದೆ ಬಹಳ ಕಾಲವಾಗಿತ್ತು.

"ನೀವೇನಾ ಬರ್ದೋರು?" ಎಂದಳು. "ನಂದು ಇಪ್ಪತ್ತೈದು. ಅದ್ರಾಗೆ ಏನ್ ಬರ್ದಿದೀರಾ, ನೀವೇ ಓದಿ."

ಅಶ್ವತ್ಥ್ ಜೆರಾಕ್ಸ್ ನೋಡಿದ. ಗಂಟಲು ಸರಿಮಾಡಿಕೊಂಡ. "ಗೋಂದು ಮತ್ತು... ಅಂಟು ಪದಾರ್ಥಗಳು."

"ಕೇಳ್ರಪ್ಪ! ಅವ್ನ ಹೊಲಕ್ಕೆ ಓಟ್ಲು, ಪಕ್ಕದಾಗೇ ಇರೋ ನನ್ನ ಹೊಲಕ್ಕೆ ಗೋಂದು! ಗೋಂದ್ ಫ್ಯಾಕ್ಟ್ರಿ ನಾತಕ್ಕೆ ಅವ್ನ ಓಟ್ಲಿಗೆ ತಾನೆ ಯಾವನ್ ಬತ್ತಾನೆ? ನಿಮ್ಗೆ ಬುದ್ಧಿ ಬ್ಯಾಡ್ವಾ ಸಾ?" ಚೀಲವನ್ನು ಸ್ಕೂಟರಿನ ಮುಂದೆ ಕಾಲಿಡುವ ಜಾಗಕ್ಕೆ ತುರುಕಿದಳು. "ಸೊಗಡು ಅವರೆ. ಇವತ್ತೇ ಕಿತ್ತಿದ್ದು. ಗೋಂದು ತೆಗ್ದು ಮರ್ಯಾದಸ್ತರದ್ದು ಏನಾದ್ರೂ ಬರ್ದುಕೊಡಿ. ಆಸ್ಪತ್ರೆ ಆದ್ರೂ ಆಗ್ಲಿ."

"ಅಮ್ಮಾ, ಅದು ಸರ್ವೆ ನಂಬರ್ ಅಲ್ಲ," ಎಂದು ಅಶ್ವತ್ಥ್ ಶುರುಮಾಡಿದ. ವಿದೇಶಿ ನೇರ ಬಂಡವಾಳ ಎಂದರೇನು ಎಂದು ಹೇಳಿದ. ಹೊರದೇಶದವರು ನಮ್ಮಲ್ಲಿ ಹಣ ಹೂಡುವುದು ಎಂದ. ಎಲ್ಲರೂ ತಲೆಯಾಡಿಸಿದರು, ಅವರ ಅನುಮಾನ ಪೂರ್ತಿ ಪರಿಹಾರವಾಗಿತ್ತು. ಹೊರದೇಶದವರೇ ಬರುತ್ತಿರುವುದು.

ಫೋನು ಹೊಡೆದುಕೊಂಡಿತು. ಶಶಿರೇಖಾ ಮೇಡಂ. "ಅಶ್ವತ್ಥ್, ಎಲ್ಲಿದೀರಾ? ಅಧ್ಯಕ್ಷರು ಬೆಳಿಗ್ಗೆಯಿಂದ ರಿಜಿಸ್ಟ್ರೇಷನ್ ಅಂತ ಯಲಹಂಕದಲ್ಲಿ ಕಾಯ್ತಿದಾರಂತೆ, ಮಾರೋ ಮನುಷ್ಯ ಬಂದೇ ಇಲ್ವಂತೆ. ಸಿಕ್ಕಾಪಟ್ಟೆ ಸಿಟ್ಟಲ್ಲಿದಾರೆ. ನೀವಾದ್ರೂ ಚೆನ್ನಾಗಿ ಮಾತಾಡಿ ಅವರ ಮನಸ್ಸು ಸರಿ ಮಾಡ್ಬೇಕು."

"ಎಲ್ಲಿ ಜಮೀನು ಮೇಡಂ?" ಎಂದು ಕೇಳುವಾಗಲೇ ಅಶ್ವತ್ಥ್‌ಗೆ ಉತ್ತರ ಗೊತ್ತಿತ್ತು.

"ಹುಣಸಮಾರನಹಳ್ಳಿ ಅಂತೆ. ನಮ್ಮ ಕಾಲೇಜಿನ ಹೊಸ ಕಟ್ಟಡಕ್ಕೆ ಕಣ್ರೀ. ಅದಾದ್ರೆ ತಾನೆ ನಿಮ್ಮ ಪೋಸ್ಟು."

ಅಶ್ವತ್ಥ್ ಸೋಡಾ ಬಾಟಲಿ ಕೆಳಗಿಟ್ಟ. ತನ್ನ ಪರ್ಮನೆಂಟ್ ಪೋಸ್ಟು ಬ್ಯಾಟರಾಯಪ್ಪನ ಬನಿಯನ್ನಿನ ಜೇಬಿನಲ್ಲಿ ಮಡಿಚಿ ಕೂತಿದೆ! ಆತುರದಿಂದ ಎದ್ದು, "ಯಜಮಾನ್ರೇ, ನೀವು ಈಗ್ಲೇ ಹೋಗಿ ರಿಜಿಸ್ಟರ್ ಮಾಡ್ಕೊಡಿ. ನಾನು ಹೇಳ್ತೀನಿ ಕೇಳಿ, ಹೋಟ್ಲು ಗೀಟ್ಲು ಏನೂ ಇಲ್ಲ," ಎಂದ.

ಬ್ಯಾಟರಾಯಪ್ಪ ಅವನ ಮುಖವನ್ನೇ ನೋಡಿದ. "ಸಾ, ನಮ್ಮಣ್ಣನ್ಗೂ ಇಂಗೇ ಏಳಿದ್ರು. ಇಲ್ಲೇನೂ ಬರಲ್ಲ, ಮಾರ್ಕೊ ಅಂತ. ಮಾರ್ಕೊಂಡ. ಮುಂದಿನ ತಿಂಗ್ಳು ಏರ್‌ಪೋರ್ಟ್ ಅಂದ್ರು. ಈಗ ಅವ್ನು ಅದೇ ರಸ್ತೇಲಿ ಕಾರ್ ನಿಲ್ಸೋಕೆ ಸೀಟಿ ಊದ್ತಾನೆ. ನನ್ ಕೈಲಿ ಸೀಟಿ ಊದಿಸ್ಬ್ಯಾಡಿ."

ಈ ಮನುಷ್ಯನಿಗೆ ಆಗಿರುವ ಭಯ ನಿಜವಾದದ್ದು, ಅದಕ್ಕೆ ಕಾರಣವಾದ ಹಾಳೆ ಮಾತ್ರ ತನ್ನದು ಎಂದು ಅಶ್ವತ್ಥ್‌ಗೆ ನಾಚಿಕೆಯಾಯಿತು.

ಆಗ ದೊಡ್ಡದೊಂದು ಬಿಳಿ ಕಾರು ಧೂಳೆಬ್ಬಿಸಿಕೊಂಡು ಬಂದು ಡೈರಿಯ ಮುಂದೆ ನಿಂತಿತು. ಇಳಿದವರು ಟ್ರಸ್ಟಿನ ಅಧ್ಯಕ್ಷ ಚಿಕ್ಕಬೈರಪ್ಪನವರು. ಹಳೇ ಒಕ್ಕಲು ಮನೆತನದವರು, ಈಗ ಬಿಲ್ಡರು. ಕಾಲೇಜಿನಲ್ಲಿ ಅಳೆದು ತೂಗಿ ಮಾತಾಡುವವರು, ಸಿಟ್ಟು ಬಂದರೆ ಮಾತ್ರ ಹುಟ್ಟೂರಿನ ಭಾಷೆಗೆ ಇಳಿಯುವವರು. ಅಶ್ವತ್ಥ್ ಹಿಂದುಮುಂದು ನೋಡದೆ ಡೈರಿಯೊಳಗೆ ನುಗ್ಗಿ ಹಾಲಿನ ಕ್ಯಾನುಗಳ ಹಿಂದೆ ಕೂತ. ಅಧ್ಯಕ್ಷರು ತಾತ್ಕಾಲಿಕದವರ ಮುಖವನ್ನು ಎಂದೂ ನೋಡಿದವರಲ್ಲ ಎಂಬುದು ಅವನಿಗೆ ಕೂತಮೇಲೆ ನೆನಪಾಯಿತು.

"ಏನಯ್ಯಾ ಬ್ಯಾಟರಾಯಪ್ಪ! ಅಡ್ವಾನ್ಸ್ ಈಸ್ಕೊಂಡು ಇಲ್ಲಿ ಕಟ್ಟೆ ಮೇಲೆ ಕುಂತಿದೀಯಾ? ಅಲ್ಲಿ ನಾನೇನ್ ಆಫೀಸ್ ಕಸ ಗುಡುಸ್ತಾ ಇರ್ಲಾ?"

"ಮಾರಕಿಲ್ಲ ಯಜಮಾನ್ರೇ. ಅಡ್ವಾನ್ಸ್ ವಾಪಸ್ ಕೊಡ್ತೀನಿ. ನನ್ನ ಹೊಲ್ದಾಗೆ ಓಟ್ಲು ಬತ್ತದಂತೆ."

"ಯಾವನಯ್ಯಾ ಏಳ್ದೋನು?"

"ಬರ್ದೋರೇ ಇಲ್ಲವ್ರೆ," ಎಂದಳು ಮುನಿಕೆಂಪಮ್ಮ. "ಹಾಲಿನ ಕ್ಯಾನ್ ಹಿಂದ್ಗಡೆ."

ಇಬ್ಬರು ಹೋಗಿ ಅಶ್ವತ್ಥ್‌ನನ್ನು ಬಹಳ ಗೌರವದಿಂದ ಎತ್ತಿಕೊಂಡು ಬಂದು ಅಧ್ಯಕ್ಷರ ಮುಂದೆ ನಿಲ್ಲಿಸಿದರು. ಪ್ಯಾಂಟಿನ ತುಂಬ ಹಾಲಿನ ಕಲೆ. ಚಿಕ್ಕಬೈರಪ್ಪನವರು ಒಂದು ಜೆರಾಕ್ಸ್ ಈಸಿಕೊಂಡು, ಕನ್ನಡಕ ಹಾಕಿಕೊಂಡು, ಮೇಲಿಂದ ಕೆಳಗಿನವರೆಗೆ ಓದಿದರು. ಇಪ್ಪತ್ನಾಲ್ಕರ ಹತ್ತಿರ ಅವರ ಬೆರಳು ಕೊಂಚ ಹೆಚ್ಚು ಹೊತ್ತು ನಿಂತಿತು.

"ಏನಿದು?" ಎಂದರು.

ಏಳು ವರ್ಷದ ಏಪ್ರಿಲ್‌ಗಳೂ ಮೇಗಳೂ ಅಶ್ವತ್ಥ್‌ನ ಕಣ್ಣ ಮುಂದೆ ಬಂದವು. ಎಲ್ಲಿಂದಲೋ ಧೈರ್ಯ ಬಂತು. ಬ್ಯಾಟರಾಯಪ್ಪನ ಕಡೆ ತಿರುಗಿದ.

"ಯಜಮಾನ್ರೇ, ನಿಮ್ಮನೇಲಿ ದಿನಸಿ ಚೀಟಿ ಬರೀತಾರಾ? ಒಂದು, ಅಕ್ಕಿ. ಎರಡು, ಬೇಳೆ. ಮೂರು, ಬೆಲ್ಲ. ಆ ಮೂರು ಅಂದ್ರೆ ಮೂರನೇ ಸರ್ವೆ ನಂಬರಲ್ಲಿ ಬೆಲ್ಲ ಬೆಳೆದಿದೆ ಅಂತಾನಾ?"

"ಇಲ್ಲ."

"ಇದೂ ಅಷ್ಟೆ. ಇದು ಇಡೀ ದೇಶದ ದಿನಸಿ ಚೀಟಿ. ಒಂದು, ಎರಡು ಅಂತ ಎಣಿಸ್ಕೊಂಡು ಹೋಗಿದಾರೆ. ಇಪ್ಪತ್ನಾಲ್ಕಕ್ಕೆ ಬಂದಾಗ ಹೋಟ್ಲು ಬಂತು. ಮುಂದಿನ ಸಲ ಅಲ್ಲಿ ಸೋಪು ಬರ್ಬಹುದು. ದೆಹಲಿಯೋರಿಗೆ ನಿಮ್ಮ ಹೊಲ ಎಲ್ಲಿದೆ ಅಂತಾನೇ ಗೊತ್ತಿಲ್ಲ. ನನ್ನ ಹೆಂಡ್ತಿ ಮೇಲಾಣೆ."

ಬ್ಯಾಟರಾಯಪ್ಪ ಅಕ್ಕಿ, ಬೇಳೆ, ಬೆಲ್ಲ ಎಂದು ಬೆರಳು ಮಡಿಚಿ ಎಣಿಸಿದ. ಬಟ್ಟೆಯಂಗಡಿ, ಮೆಡಿಕಲ್ ಸ್ಟೋರು ಎಂದು ರಸ್ತೆ ಪಕ್ಕ ಸಾಲಾಗಿ ಬಾಡಿಗೆಗೆ ಅಂಗಡಿ ಕಟ್ಟಿಸಬೇಕೆಂಬುದು ಅವನ ಆಸೆ. ಅದಕ್ಕಾಗಿಯೇ ಹೊಲ ಮಾರಲು ಹೊರಟಿದ್ದ. ಹೋಟ್ಲಿನ ಸುದ್ದಿ ಕೇಳಿದಾಗಿನಿಂದ ಅವನ ಎದೆ ಡವಗುಟ್ಟುವುದು ನಿಂತಿರಲಿಲ್ಲ. ಈಗ ನಿಂತಿತು.

"ಅಂಗಾರೆ ನಾನೇನೂ ಕಳ್ಕೊಳ್ಳಾಕಿಲ್ಲ?"

"ಏನೂ ಇಲ್ಲ."

"ಸದ್ಯ!" ಎಂದು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ನಡೀರಿ ಯಜಮಾನ್ರೇ, ರುಜು ಆಕ್ತೀನಿ." ಬನಿಯನ್ನಿನಿಂದ ಹಾಳೆ ತೆಗೆದು ಅಶ್ವತ್ಥ್‌ನ ಕೈಗಿಟ್ಟು, ಅವನಿಂದ ತನ್ನ ಪಹಣಿಯನ್ನು ಈಸಿಕೊಂಡ.

ಕಟ್ಟೆಯ ತುಂಬ ನಿಟ್ಟುಸಿರು ಹರಡಿತು. ಸಿಮೆಂಟಿನವನಿಗೆ ಧೂಳು ತಪ್ಪಿತು. ಕೆರೆ ಆಚೆಯವರಿಗೆ ಅವಮಾನ ತಪ್ಪಿತು. ಅಶ್ವತ್ಥ್ ಅವರೆಕಾಯಿ ಚೀಲವನ್ನು ಸ್ಕೂಟರಿನಿಂದ ಇಳಿಸಿ ಮುನಿಕೆಂಪಮ್ಮನಿಗೆ ಕೊಡಲು ಹೋದರೆ ಅವಳು ವಾಪಸ್ಸು ತಳ್ಳಿದಳು.

"ಇಟ್ಕೊಳಿ ಸಾ. ನಾನ್ ಒಂದ್ ಮಾತು ಅಂದಿದ್ಕೇ ಗೋಂದು ತೆಗ್ಸಿದ್ರಲ್ಲ, ನಿಮ್ಮ ಹೊಟ್ಟೆ ತಣ್ಣಗಿರ್ಲಿ."

"ಅಮ್ಮಾ, ನಾನು ತೆಗ್ಸಿಲ್ಲ, ಅದು..."

"ಇರ್ಲಿ ಬಿಡಿ, ಯಾರ್ಗೂ ಏಳಲ್ಲ," ಎಂದು ಕಣ್ಣು ಮಿಟುಕಿಸಿ ಹೋದಳು. ಅಶ್ವತ್ಥ್ ಆ ಕಣ್ಣು ಮಿಟುಕಿಸುವುದರ ಬಗ್ಗೆ ಆಗಲೇ ಯೋಚಿಸಬೇಕಾಗಿತ್ತು. ಆದರೆ ಚಿಕ್ಕಬೈರಪ್ಪನವರ ಕೈ ಅವನ ಹೆಗಲ ಮೇಲೆ ಬಿದ್ದಿತ್ತು.

"ಯಾವ ಕಾಲೇಜು ನೀವು?"

"ನಿಮ್ದೇ ಸಾರ್."

"ನಮ್ದೇ!" ಅಧ್ಯಕ್ಷರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮೂರು ಗಂಟೆಗೆ ಸಿಗೋಣ."

ಮೂರು ಗಂಟೆಗೆ ಸಭಾಂಗಣ ತುಂಬಿತ್ತು. ಹಾಜರಿ ಕಡ್ಡಾಯ ಎಂದು ನೋಟೀಸು ಹಾಕಿದ್ದರು. ಅಶ್ವತ್ಥ್ ಹಾಳೆ ತಿರುಗಿಸಿ ನೋಡಿದರೆ ರಿಸರ್ವ್ ಬ್ಯಾಂಕಿನ ವಿಳಾಸದ ಮೇಲೆ ಕುಂಕುಮ, ವಿಶ್ವಬ್ಯಾಂಕಿನ ಮೇಲೆ ಅರಿಶಿನ, ಜಿನೀವಾದ ಮೇಲೆ ಬ್ಯಾಟರಾಯಪ್ಪನ ಬೆವರು. ಆದರೂ ಅವತ್ತು ಅವನು ಚೆನ್ನಾಗಿ ಮಾತಾಡಿದ. ವಿಳಾಸ ಹೋಗಿದ್ದರೂ ವ್ಯತ್ಯಾಸ ತಲೆಯಲ್ಲಿತ್ತು. ಒಂದೇ ವರ್ಷಕ್ಕೆ ನಾಲ್ಕು ಸೈಟು ನಾಲ್ಕು ಅಂಕಿ ಹೇಳಿದರೆ ಯಾರೂ ಸುಳ್ಳು ಹೇಳುತ್ತಿಲ್ಲ, ಒಬ್ಬರು ಹೊಸದಾಗಿ ಬಂದ ಹಣ ಮಾತ್ರ ಎಣಿಸುತ್ತಾರೆ, ಇನ್ನೊಬ್ಬರು ಇಲ್ಲೇ ಗಳಿಸಿ ಇಲ್ಲೇ ಮತ್ತೆ ಹೂಡಿದ್ದನ್ನೂ ಸೇರಿಸುತ್ತಾರೆ ಎಂದ. ಮಾರಿಷಸ್ ಎಂಬ ಪುಟ್ಟ ದ್ವೀಪದಿಂದ ಅಷ್ಟೊಂದು ಹಣ ಬರುವುದು ಆ ದ್ವೀಪದವರು ಶ್ರೀಮಂತರೆಂದಲ್ಲ, ಬೇರೆಯವರ ಹಣ ಆ ದಾರಿಯಾಗಿ ಬರುತ್ತದೆ ಎಂದ. ಹಿಂದಿನ ಬೆಂಚುಗಳು ನಿದ್ದೆ ಹೋಗಿದ್ದವು. ಭಾಮೈದನ ಹೆಸರಿನಲ್ಲಿ ನಾಲ್ಕು ಮನೆ ಸೈಟು ಮಾಡಿದ್ದ ಚಿಕ್ಕಬೈರಪ್ಪನವರು ಮಾತ್ರ ಮುಂದಿನ ಸಾಲಿನಲ್ಲಿ ಎಚ್ಚರವಾಗಿ ಕೂತು ತಲೆದೂಗುತ್ತಿದ್ದರು. ಕೊನೆಯಲ್ಲಿ ಮೊದಲು ಚಪ್ಪಾಳೆ ತಟ್ಟಿದವರೂ ಅವರೇ.

"ಅಧ್ಯಕ್ಷರು ಕರೀತಿದಾರೆ, ಚೇಂಬರಿಗೆ ಹೋಗಿ," ಎಂದು ಶಶಿರೇಖಾ ಮೇಡಂ ಬಾಯಿ ತುಂಬ ನಗುತ್ತ ಹೇಳಿದರು. "ಅವರು ಇಷ್ಟು ಖುಷಿಯಾಗಿದ್ದನ್ನ ನಾನು ನೋಡೇ ಇಲ್ಲ. ರಿಜಿಸ್ಟ್ರೇಷನ್ನೂ ಆಯ್ತಂತೆ. ನಿಮ್ಮ ಕೆಲ್ಸ ಆಯ್ತು ಅಂತ ತಿಳ್ಕೊಳಿ."

ಅಶ್ವತ್ಥ್ ಮೆಟ್ಟಿಲು ಹತ್ತುವಾಗ ಮಾವನ ಮನೆಯ ಮಾವಿನಹಣ್ಣನ್ನು ಈ ಸಲ ಹೇಗೆ ತಿನ್ನಬೇಕು ಎಂದು ಯೋಚಿಸಿದ. ಜಗಲಿಯಲ್ಲಿ, ಎಲ್ಲರೆದುರಿಗೆ, ರಸ ಮೊಣಕೈವರೆಗೆ ಇಳಿಯುವ ಹಾಗೆ.

ಚೇಂಬರಿನಲ್ಲಿ ಚಿಕ್ಕಬೈರಪ್ಪನವರು ಒಬ್ಬರೇ ಇದ್ದರು. ಎದ್ದು ಬಂದು ತಾವೇ ಬಾಗಿಲು ಹಾಕಿದರು.

"ಕೂತ್ಕೊಳಿ ಮೇಷ್ಟ್ರೇ. ಬೆಳಿಗ್ಗೆ ಎಂಥಾ ಮಾತಾಡಿದ್ರಿ! ದಿನಸಿ ಚೀಟಿ ಅಂತೆ, ಅಕ್ಕಿ ಅಂತೆ, ಬೆಲ್ಲ ಅಂತೆ! ಇಷ್ಟು ವರ್ಷ ಜಮೀನಿನ ವ್ಯವಹಾರ ಮಾಡಿದೀನಿ, ಇಷ್ಟು ಸಲೀಸಾಗಿ ಸುಳ್ಳು ಹೇಳೋರನ್ನ ನಾನು ನೋಡಿಲ್ಲ. ಹೆಂಡ್ತಿ ಮೇಲೆ ಆಣೆ ಬೇರೆ!"

ಅಶ್ವತ್ಥ್‌ಗೆ ಕುರ್ಚಿ ಒಂದಿಷ್ಟು ಕೆಳಗಿಳಿದಂತಾಯಿತು. "ಸುಳ್ಳಲ್ಲ ಸಾರ್. ಅದು ಕ್ರಮಸಂಖ್ಯೆನೇ."

"ಇಲ್ಲಿ ಯಾರೂ ಇಲ್ಲ, ಹೇಳಿ. ಆ ಹೋಟ್ಲು ಯಾರದು? ಮಾರಿಷಸ್ ಕಡೆಯಿಂದ ಬರ್ತಿರೋದಾ?"

"ಯಾವ ಹೋಟ್ಲೂ ಇಲ್ಲ ಸಾರ್. ನಿಜವಾಗ್ಲೂ."

ಚಿಕ್ಕಬೈರಪ್ಪನವರು ಅವನನ್ನು ಪ್ರೀತಿಯಿಂದ ನೋಡಿದರು. "ನಂಗೂ ಹೇಳಲ್ಲ ಅಂತೀರಾ. ಮೆಚ್ಚಿದೆ. ಗುಟ್ಟು ಅಂದ್ರೆ ಹಿಂಗಿರ್ಬೇಕು. ನಿಮ್ಮಂಥೋರು ನಮ್ಮ ಕಾಲೇಜಲ್ಲಿರೋದು ನಮ್ಮ ಪುಣ್ಯ."

"ಹಾಗಾದ್ರೆ ಸಾರ್, ಪರ್ಮನೆಂಟ್ ಪೋಸ್ಟು..."

"ಅದಾ? ಅದು ಹೊಸ ಕಟ್ಟಡಕ್ಕೆ ಅಂತ ಇದ್ದ ಪೋಸ್ಟು. ಈಗ ಕಟ್ಟಡ ಎಲ್ಲಿ ಬಂತು? ಹೋಟ್ಲು ಬರೋ ಜಾಗದಲ್ಲಿ ಕಾಲೇಜ್ ಕಟ್ಟೋಕೆ ನಂಗೇನು ತಲೆ ಕೆಟ್ಟಿದೆಯಾ?"

ಅಶ್ವತ್ಥ್ ಬಾಯಿ ತೆರೆದ. ಸೋಮವಾರ ಬರಬಾರದ ಹೊತ್ತಿನಲ್ಲಿ ಬಂದ ಮಾತು ಇವತ್ತು ಬೇಕಾದಾಗ ಬರಲಿಲ್ಲ.

"ಮುಖ ಸಪ್ಪಗೆ ಮಾಡ್ಕೋಬೇಡಿ," ಎಂದು ಅಧ್ಯಕ್ಷರು ಅವನ ಎರಡೂ ಕೈ ಹಿಡಿದುಕೊಂಡರು. "ಉಪಕಾರ ಮರೆಯೋ ಮನುಷ್ಯ ಅಲ್ಲ ನಾನು. ಇಪ್ಪತ್ನಾಲ್ಕರಲ್ಲಿ ಆ ಹೋಟ್ಲು ಬಂದ ದಿನ ನೀವು ಪರ್ಮನೆಂಟು. ಅಲ್ಲೀವರೆಗೂ ನಿಮ್ಮನ್ನ ಯಾರೂ ಅಲ್ಲಾಡ್ಸೋ ಹಾಗಿಲ್ಲ, ಪ್ರಿನ್ಸಿಪಾಲ್‌ಗೂ ಹೇಳ್ತೀನಿ. ಏಪ್ರಿಲ್‌ನಲ್ಲಿ ತೆಗೀತೀವಿ, ಜೂನ್‌ನಲ್ಲಿ ತಗೋತೀವಿ. ಹೆದರ್ಬೇಡಿ."

ಹೊರಗೆ ಬಂದು ಸ್ಕೂಟರ್ ಹತ್ತಿದಾಗ ಅಶ್ವತ್ಥ್‌ಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಹೆಬ್ಬಾಳದ ಸೇತುವೆ ಇಳಿಯುವ ಹೊತ್ತಿಗೆ ನಿಧಾನವಾಗಿ ಒಂದು ಹಗುರವೂ ಬಂತು. ಭಾಷಣ ಮುಗಿದಿತ್ತು. ಬ್ಯಾಟರಾಯಪ್ಪನಿಗೆ ಮೋಸವಾಗಿರಲಿಲ್ಲ, ಅವನು ಸೀಟಿ ಊದಬೇಕಾಗಿರಲಿಲ್ಲ. ಜೂನಿನಲ್ಲಿ ತಗೋತಾರೋ ಇಲ್ಲವೋ ಎಂದು ಪ್ರತಿ ವರ್ಷ ನಿದ್ದೆ ಕೆಡುತ್ತಿದ್ದದ್ದು ಇನ್ನು ತಪ್ಪಿತು. ಹೋಟ್ಲು ಬರುವವರೆಗೆ ಕೆಲಸ ಗಟ್ಟಿ, ಮತ್ತು ಹೋಟ್ಲು ಎಂದೂ ಬರುವುದಿಲ್ಲ ಎಂಬುದು ಇಡೀ ಬೆಂಗಳೂರಿನಲ್ಲಿ ಅವನೊಬ್ಬನಿಗೇ ಖಚಿತವಾಗಿ ಗೊತ್ತಿತ್ತು.

ಮನೆಯಲ್ಲಿ ರಮ್ಯ ಅವರೆಕಾಯಿ ಚೀಲ ನೋಡಿ ಅರಳಿದಳು. ಮೊರ ತಂದು, ಇಬ್ಬರೂ ನೆಲದ ಮೇಲೆ ಕೂತು ಸುಲಿಯತೊಡಗಿದರು. ಅಶ್ವತ್ಥ್ ಬೆಳಗಿನಿಂದ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ: ಕ್ರಮಸಂಖ್ಯೆ, ಸರ್ವೆ ನಂಬರು, ಹೋಟ್ಲು, ಗೋಂದು, ದಿನಸಿ ಚೀಟಿ. ರಮ್ಯ ಹೊಟ್ಟೆ ಹಿಡಿದುಕೊಂಡು ನಕ್ಕಳು. ಓದಿದೋರಿಗೂ ಬುದ್ಧಿ ಇಲ್ವಲ್ರೀ ಎಂದಳು. ಪೋಸ್ಟು ಹೋದರೆ ಹೋಗಲಿ, ಕೆಲಸ ಉಳಿಯಿತಲ್ಲ, ಸದ್ಯ ಎಂದಳು. ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿ ಬಂತು. ಜಗತ್ತಿನಲ್ಲಿ ಒಬ್ಬರಿಗಾದರೂ ಅರ್ಥವಾಯಿತು.

ಮೊರ ಅರ್ಧ ತುಂಬಿತು. ರಮ್ಯಳ ಕೈ ನಿಧಾನವಾಯಿತು.

"ರೀ."

"ಏನು?"

"ಏನಿಲ್ಲ, ಸುಮ್ನೆ ಕೇಳ್ದೆ ಅಂದ್ಕೊಳಿ. ನಮ್ಮಪ್ಪನ ಜಮೀನು ಸರ್ವೆ ನಂಬರ್ ನಲವತ್ತೊಂದು. ಅಲ್ಲೇನಿದೆ?"

ಅಶ್ವತ್ಥ್ ಅವಳ ಮುಖ ನೋಡಿದ. ಜೇಬಿನಿಂದ ಕುಂಕುಮ ಮೆತ್ತಿದ ಹಾಳೆಯನ್ನು ತೆಗೆದು, ಬಿಡಿಸಿ, ಬೆರಳಿಟ್ಟು ಹುಡುಕಿದ.

"ಕಾಫಿ, ಟೀ."

"ಸದ್ಯ!" ಎಂದು ರಮ್ಯ ಇನ್ನೊಂದು ಅವರೆಕಾಯಿ ಕೈಗೆತ್ತಿಕೊಂಡಳು. "ಗೋಂದಲ್ವಲ್ಲ."